ಭಾವಚಿತ್ರದ ದರ ಬೇರೆ, ಸ್ನ್ಯಾಪ್ ದರ ಬೇರೆ: ನಮ್ಮ ಗ್ರಾಹಕರಿಗೆ ಪತ್ರ

ಗ್ರಾಹಕ ಬಂಧುಗಳೇ, ನಮಸ್ಕಾರ.

ಬರುವ ತಿಂಗಳ ಒಂದನೇ ತಾರೀಕಿನಿಂದ ಸ್ಟುಡಿಯೋದಲ್ಲಿ ಭಾವಚಿತ್ರದ (ಕೂರಿಸಿ, ಬೆಳಕು ಹೊಂದಿಸಿ ತೆಗೆಯುವ ಫೋಟೊ) ದರ ಏರುತ್ತದೆ, ಸ್ನ್ಯಾಪ್ (ನಿಂತ ಹಾಗೇ ಬೇಗ ತೆಗೆಯುವ ಫೋಟೊ) ದರ ಹಾಗೇ ಇರುತ್ತದೆ. ಸ್ನ್ಯಾಪ್‌ಗೆ ಮೊದಲಿನ 150 ರೂಪಾಯಿಯೇ. ಬಂದು ನಿಂತರೆ ಹತ್ತು ನಿಮಿಷದ ಕೆಲಸ. ಭಾವಚಿತ್ರಕ್ಕೆ 450 ಇದ್ದದ್ದು 900 ಆಗುತ್ತದೆ, ಮೊದಲೇ ಫೋನ್ ಮಾಡಿ ಸಮಯ ಗೊತ್ತುಮಾಡಿಕೊಂಡು ಬರಬೇಕು. ಮೊಬೈಲ್ ಫೋಟೊ ದೊಡ್ಡದು ಮಾಡಿಕೊಡುವುದಕ್ಕೂ ಒಂದು ಮಿತಿ ಹಾಕಿಕೊಂಡಿದ್ದೇವೆ. ಒಂದೇ ಸಲಕ್ಕೆ ದುಪ್ಪಟ್ಟಾಯಿತೆಂದು ಬೇಸರವಾದರೆ ಕ್ಷಮಿಸಿ. ಆದರೆ ಇದು ‘ದುರಾಸೆ’ ಎಂದು ಕೆಲವರು ಆಡುವ ಮಾತನ್ನು ಮಾತ್ರ ನಾವು ಒಪ್ಪುವುದಿಲ್ಲ.

ಹೊಸ ದರ ಹೇಳಿದಾಗಿನಿಂದ ಕೌಂಟರಿನಲ್ಲಿ ದಿನಾ ಕೇಳುವ ಮಾತು ಒಂದಿದೆ: “ನನ್ನ ಮೊಬೈಲಲ್ಲೇ ಐವತ್ತು ಮೆಗಾಪಿಕ್ಸೆಲ್ ಇದೆ, ನಿಮ್ಮ ಕ್ಯಾಮೆರಾದಲ್ಲಿ ಇಪ್ಪತ್ನಾಲ್ಕು. ಬಟನ್ ಒತ್ತೋಕೆ ಒಂಬೈನೂರಾ?” ಇದಕ್ಕೆ ನಿಂತುಕೊಂಡೇ ಉತ್ತರ ಹೇಳಿ ಮುಗಿಯುವುದಿಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇವೆ.

ಡಬ್ಬಿಯ ಮೇಲೆ 50 ಎಂದಿರುವ ಹೆಚ್ಚಿನ ಫೋನುಗಳು ಮಾಮೂಲಿಯಾಗಿ ನಾಲ್ಕು ಪಿಕ್ಸೆಲ್‌ಗಳನ್ನು (ಚಿತ್ರ ಮೂಡಿಸುವ ಸಣ್ಣ ಚುಕ್ಕೆಗಳು) ಸೇರಿಸಿ ಒಂದು ಮಾಡಿ, 12 ಚಿಲ್ಲರೆ ಮೆಗಾಪಿಕ್ಸೆಲ್ ಚಿತ್ರವನ್ನೇ ಕೊಡುತ್ತವೆ. ಇರಲಿ, ಅದೂ ಸಾಕು. ನಮ್ಮ ತಕರಾರು ಕ್ಯಾಮೆರಾಗೂ ಮುಖಕ್ಕೂ ಇರುವ ದೂರದ್ದು. ಒಂದೂವರೆ ಅಡಿಯಿಂದ ಮುಖ ತೆಗೆದರೆ, ಕಿವಿಗಿಂತ ನಾಲ್ಕೈದು ಇಂಚು ಮುಂದಿರುವ ಮೂಗು ಕಿವಿಯ ಅಳತೆಗೆ ಹೋಲಿಸಿದರೆ ಕಾಲುಭಾಗ ದೊಡ್ಡದಾಗಿ ಬೀಳುತ್ತದೆ. ಕಿವಿ ಹಿಂದೆ ಸರಿಯುತ್ತದೆ, ಹಣೆ ಉಬ್ಬುತ್ತದೆ. ಏಳು ಅಡಿ ದೂರ ನಿಂತರೆ ಈ ವ್ಯತ್ಯಾಸ ಶೇ 6ರ ಆಸುಪಾಸಿಗೆ ಇಳಿಯುತ್ತದೆ. ಅಷ್ಟು ದೂರದಿಂದ ಮುಖ ಮತ್ತು ಭುಜ ಫ್ರೇಮ್ ತುಂಬಬೇಕೆಂದೇ ದೂರದ್ದನ್ನು ಹತ್ತಿರ ತೋರಿಸುವ 85 ಎಂಎಂ ಲೆನ್ಸ್ ಇಟ್ಟಿರುವುದು. “ಫೋಟೊದಲ್ಲಿ ನಾನು ಚೆನ್ನಾಗಿ ಬರಲ್ಲ” ಎನ್ನುವವರಲ್ಲಿ ಬಹಳಷ್ಟು ಜನರ ಸಮಸ್ಯೆ ಮುಖದ್ದಲ್ಲ, ಕ್ಯಾಮೆರಾ ಹತ್ತಿರ ಬಂದಿರುವುದು.

ಇನ್ನು ಬೆಳಕು. ಮನೆಯ ಟ್ಯೂಬ್‌ಲೈಟ್ ನೆತ್ತಿಯ ಮೇಲಿಂದ ಬೀಳುವುದರಿಂದ ಕಣ್ಣಿನ ಗುಳಿ ಕಪ್ಪಾಗುತ್ತದೆ. ಅಗ್ಗದ ಎಲ್‌ಇಡಿಯಲ್ಲಿ ಕೆಂಪು ಸರಿಯಾಗಿ ಬರುವುದಿಲ್ಲ. ಕುಂಕುಮ ಕಂದು ತಿರುಗುತ್ತದೆ, ಮುಖ ಕಳೆಗೆಡುತ್ತದೆ. ಸಿಟ್ಟಿಂಗ್‌ನಲ್ಲಿ, ಅಂದರೆ ಭಾವಚಿತ್ರಕ್ಕೆ ಕೂರಿಸಿದಾಗ, ದೊಡ್ಡ ಸಾಫ್ಟ್‌ಬಾಕ್ಸನ್ನು (ಬೆಳಕನ್ನು ಮೆದು ಮಾಡುವ, ಬಿಳಿ ಬಟ್ಟೆ ಹೊದಿಸಿದ ಲೈಟು) ಮುಖದ ಒಂದು ಪಕ್ಕಕ್ಕೆ ಸುಮಾರು 45 ಡಿಗ್ರಿಯಲ್ಲಿ, ಕಣ್ಣಿಗಿಂತ ಒಂದೂವರೆ ಅಡಿ ಮೇಲೆ ನಿಲ್ಲಿಸುತ್ತೇವೆ. ಎರಡೂ ಕಣ್ಣಲ್ಲಿ ಬೆಳಕಿನ ಚುಕ್ಕಿ ಕಂಡರೆ ಮಾತ್ರ ಮುಂದಿನ ಕೆಲಸ. ಇನ್ನೊಂದು ಕೆನ್ನೆಗೆ ಬೆಳಕನ್ನು ಮರಳಿಸುವ ಬಿಳಿ ರಿಫ್ಲೆಕ್ಟರ್. ಕೂರುವವರು ಪರದೆಯಿಂದ ಐದಾರು ಅಡಿ ಮುಂದೆ, ಇಲ್ಲದಿದ್ದರೆ ನೆರಳು ಹಿಂದೆ ಅಂಟಿಕೊಳ್ಳುತ್ತದೆ. ಕನ್ನಡಕ ಇದ್ದರೆ ಬೆಳಕನ್ನು ಇನ್ನಷ್ಟು ಎತ್ತಿ, ಕನ್ನಡಕದ ಕಡ್ಡಿಯನ್ನು ಕಿವಿಯ ಮೇಲೆ ಒಂದು ಎಳೆಯಷ್ಟು ಮೇಲೆತ್ತುತ್ತೇವೆ. ಗಾಜು ಕೆಳಕ್ಕೆ ಬಾಗಿ ಬಿಳಿ ಹೊಳಪು ಹೋಗುತ್ತದೆ. ಅತಿ ಕಷ್ಟ ಕೊಡುವುದು ರೇಷ್ಮೆ ಸೀರೆಯ ಜರಿ ಮತ್ತು ಮಲ್ಲಿಗೆ. ಮುಖಕ್ಕೆ ಬೆಳಕು ಸರಿಯಿದ್ದಾಗ ಮಲ್ಲಿಗೆ ಬರೀ ಬಿಳಿ ಉಂಡೆಯಾಗಿಬಿಡುತ್ತದೆ. ಎಸಳು ಎಸಳಾಗಿ ಕಾಣಬೇಕಾದರೆ ಎಕ್ಸ್‌ಪೋಷರನ್ನು, ಅಂದರೆ ಕ್ಯಾಮೆರಾ ಒಳಗೆ ಬಿಡುವ ಬೆಳಕನ್ನು, ಸ್ವಲ್ಪ (ಅರ್ಧ ಸ್ಟಾಪ್) ಇಳಿಸಿ, ಮುಖದ ಬೆಳಕನ್ನು ಆಮೇಲೆ ಕಂಪ್ಯೂಟರಿನಲ್ಲಿ ಹೆಚ್ಚಿಸಬೇಕು. ಹಿನ್ನೆಲೆಯನ್ನು ಮಸುಕು ಮಾಡುವ ಮೊಬೈಲಿನ ಪೋರ್ಟ್ರೇಟ್ ಮೋಡ್ ಇದೇ ಜಾಗದಲ್ಲಿ ಎಡವುತ್ತದೆ: ಜುಮುಕಿಯ ತುದಿ, ಹೂವಿನ ಅಂಚು, ಹಾರುವ ಕೂದಲನ್ನು ಹಿನ್ನೆಲೆ ಎಂದು ತಿಳಿದು ಮಸುಕು ಮಾಡಿಬಿಡುತ್ತದೆ.

ಸ್ನ್ಯಾಪ್ ಕೀಳು ಎಂದು ನಾವು ಹೇಳುತ್ತಿಲ್ಲ. ಮೈಸೂರಿನ ಪತ್ರಿಕಾ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಜನರನ್ನು ಅವರವರ ಜಾಗದಲ್ಲೇ, ಅವರವರ ಕೆಲಸದ ನಡುವೆಯೇ ತೆಗೆದು ಹೆಸರು ಮಾಡಿದವರು. ಮಗು ನಗುವ ಗಳಿಗೆ ಸ್ಟುಡಿಯೋಗೆ ಬರುವ ತನಕ ಕಾಯುವುದಿಲ್ಲ. ಅದನ್ನು ಮೊಬೈಲಿನಲ್ಲೇ ತೆಗೆಯಿರಿ, ನಾವೂ ನಮ್ಮ ಮನೆಯಲ್ಲಿ ಹಾಗೇ ತೆಗೆಯುತ್ತೇವೆ. ಆದರೆ ಗೋಡೆಯ ಮೇಲೆ ಮೂವತ್ತು ವರ್ಷ ಇರಬೇಕಾದ ಚಿತ್ರ ಬೇರೆ ಕೆಲಸ.

ಇಲ್ಲಿಯೇ ನಮಗೆ ಹೆಚ್ಚು ಬೈಗುಳ ಬೀಳುವುದು. ಮನೆಯಲ್ಲಿ ಹಿರಿಯರು ತೀರಿಕೊಂಡಿರುತ್ತಾರೆ, ವೈಕುಂಠ ಸಮಾರಾಧನೆ ನಾಳೆ ಇರುತ್ತದೆ, ಮದುವೆಯ ಗುಂಪು ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ: “ಎರಡನೇ ಸಾಲಲ್ಲಿ ಬಲದಿಂದ ಮೂರನೆಯವರು, 12 ಇಂಟು 18 ಇಂಚು ಮಾಡಿಕೊಡಿ.” ಲೆಕ್ಕ ಹೀಗಿದೆ. ಒಂದು ಸಾಲಲ್ಲಿ ಹತ್ತು ಜನ ನಿಂತ 4000 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಒಂದು ಮುಖ ಹೆಚ್ಚೆಂದರೆ 150 ಪಿಕ್ಸೆಲ್. ವಾಟ್ಸ್‌ಆ್ಯಪ್ ಮಾಮೂಲಿ ಗುಣಮಟ್ಟದಲ್ಲಿ ಅದನ್ನು 1600ರ ಆಸುಪಾಸಿಗೆ ಕುಗ್ಗಿಸಿ ಕಳಿಸುತ್ತದೆ. ಮುಖಕ್ಕೆ ಉಳಿಯುವುದು 60. ಗೋಡೆಯ ಫೋಟೊದಲ್ಲಿ ಮುಖ ಐದು ಇಂಚು ಅಗಲ ಬೇಕು. ಇಂಚಿಗೆ 12 ಚುಕ್ಕೆ! 140–150 ಆದರೂ ಬೇಕಾದ ಕಡೆ. ‘ಎಐ ಹಾಕಿ’ ಎನ್ನುತ್ತೀರಿ. ಹಾಕಿದರೆ ರೆಪ್ಪೆ, ಹಲ್ಲು, ಚರ್ಮ ಎಲ್ಲ ಹೊಸದಾಗಿ ಬರುತ್ತದೆ, ಗಲ್ಲದ ಮಚ್ಚೆ ಹೋಗಿರುತ್ತದೆ. ಚೊಕ್ಕವಾಗಿ ಕಾಣುವ ಆ ಮುಖ ನಿಮ್ಮ ಅಜ್ಜಿಯದಾಗಿರುವುದಿಲ್ಲ. ಇನ್ನು ಮುಂದೆ ಮುಖದ ಅಗಲ 700 ಪಿಕ್ಸೆಲ್ ಇಲ್ಲದ ಚಿತ್ರವನ್ನು 12×18 ಮಾಡುವುದಿಲ್ಲ. ಎಷ್ಟು ಸೈಜಿಗೆ ಬರುತ್ತದೋ ಅಷ್ಟು ಮಾಡಿ ಅಗಲವಾದ ಮೌಂಟ್ (ಚಿತ್ರದ ಸುತ್ತಲಿನ ರಟ್ಟಿನ ಅಂಚು) ಹಾಕಿಕೊಡುತ್ತೇವೆ, ಮಾಲೆ ಹಾಕಲು ದೊಡ್ಡ ಫ್ರೇಮೇ ಇರುತ್ತದೆ. ಸಾವಿನ ಮನೆಯವರಿಗೆ ಅರ್ಜೆಂಟ್ ಚಾರ್ಜ್ ಇಲ್ಲ, ಎಂದೂ ಇರಲಿಲ್ಲ.

ಖರ್ಚಿನ ವಿಷಯ ಹೇಳಲೇಬೇಕು. 900ರಲ್ಲಿ 137 ರೂಪಾಯಿ ಜಿಎಸ್‌ಟಿ. ಶೇ 18, ಅದು ನಮ್ಮ ಕಿಸೆಗೆ ಬರುವ ದುಡ್ಡಲ್ಲ. ಉಳಿದ 763ರಲ್ಲಿ ನಲವತ್ತು ನಿಮಿಷದ ಸಿಟ್ಟಿಂಗ್, ಒಂದು ಗಂಟೆಯ ಟಚಪ್, ಒಂದು 8×12 ಪ್ರಿಂಟು, ಲ್ಯಾಮಿನೇಷನ್ ಎಲ್ಲ ಬರಬೇಕು. ಹಿಂದೆ ಬಾಡಿಗೆ ಕಟ್ಟುತ್ತಿದ್ದದ್ದು ಭಾವಚಿತ್ರವಲ್ಲ, ಪಾಸ್‌ಪೋರ್ಟ್ ಸೈಜ್ ಫೋಟೊ. ಈಗ ದೊಡ್ಡವರ ಫೋಟೊವನ್ನು ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೇ ತೆಗೆಯುತ್ತಾರೆ, ಆಧಾರ್ ಫೋಟೊವನ್ನು ಆಧಾರ್ ಕೇಂದ್ರದಲ್ಲೇ. ನಾಲ್ಕು ವರ್ಷದೊಳಗಿನ ಮಕ್ಕಳ 3.5×4.5 ಸೆಂಟಿಮೀಟರ್ ಫೋಟೊ ಮಾತ್ರ ನಮ್ಮ ಪಾಲಿಗೆ ಉಳಿದಿದೆ, ಅದೂ ಮಗು ಕಣ್ಣು ಬಿಟ್ಟು ಕ್ಯಾಮೆರಾ ನೋಡಿದರೆ. ಹಿಂದೆ ಪಾಸ್‌ಪೋರ್ಟ್ ಫೋಟೊದಿಂದ ಬರುತ್ತಿದ್ದ ದುಡ್ಡಿನಲ್ಲಿ ಭಾವಚಿತ್ರವನ್ನು ಅಗ್ಗಕ್ಕೆ ಕೊಡುತ್ತಿದ್ದೆವು. ಇನ್ನು ಆಗುವುದಿಲ್ಲ.

ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೆಯ ದರವೇ. ಮೊಬೈಲ್ ಫೋಟೊದ 4×6 ಪ್ರಿಂಟಿನ ದರದಲ್ಲೂ ಬದಲಾವಣೆ ಇಲ್ಲ. ಮೆಟ್ಟಿಲು ಹತ್ತಲಾಗದ ಹಿರಿಯರಿದ್ದರೆ ಹೇಳಿ, ಊರೊಳಗೆ ನಾವೇ ಮನೆಗೆ ಬರುತ್ತೇವೆ, ಅದಕ್ಕೆ ಹೆಚ್ಚುವರಿ ದುಡ್ಡಿಲ್ಲ. ಸ್ವಲ್ಪ ಉದ್ದನೆಯ ಒಂದು ಕೋಣೆ, ಒಂದು ಪ್ಲಗ್ ಪಾಯಿಂಟ್ ಸಾಕು; ಪರದೆ, ಲೈಟು ನಾವು ತರುತ್ತೇವೆ. ಅವರು ದಿನಾ ಉಡುವ ಸೀರೆ, ಪಂಚೆಯೇ ಇರಲಿ, ಹೊಸದರ ಗಂಜಿ ಮಡಿಕೆ ಭುಜದ ಮೇಲೆ ಎದ್ದು ನಿಲ್ಲುತ್ತದೆ. ಬೆಳಿಗ್ಗೆ ತಿಂಡಿಯಾದ ಮೇಲಿನ ಹೊತ್ತು ಒಳ್ಳೆಯದು, ಮಧ್ಯಾಹ್ನ ಅವರಿಗೆ ಕಣ್ಣು ಎಳೆಯುತ್ತದೆ.

ಪ್ರಿಂಟಿಗೆ ಫೋಟೊ ಕಳಿಸುವವರು ವಾಟ್ಸ್‌ಆ್ಯಪ್‌ನಲ್ಲಿ ಗ್ಯಾಲರಿಯ ಬದಲು ‘ಡಾಕ್ಯುಮೆಂಟ್’ ಒತ್ತಿ ಕಳಿಸಿ, ಮೂಲ ಚಿತ್ರ ಕುಗ್ಗದೆ ಬರುತ್ತದೆ. ಸ್ಕ್ರೀನ್‌ಶಾಟ್ ದಯವಿಟ್ಟು ಬೇಡ.

ಇತಿ ನಿಮ್ಮ,
ಸ್ಟುಡಿಯೋ ಬಳಗ