ಬಾದಾಮಿ ಪಾಕ ಮತ್ತು ಒಂದು ಬೀಳ್ಕೊಡುಗೆ

ಬಂಧುಗಳೇ,

ರಾತ್ರಿ ಹನ್ನೊಂದೂವರೆ. ಬೆಳಿಗ್ಗೆ ಎಂಟಕ್ಕೆ ಸುದ್ದಿಪತ್ರ ನಿಮ್ಮ ಮೇಲ್‌ಗೆ ಬರಬೇಕು. ಆರು ವರ್ಷದಿಂದ ಈ ಪುಟಗಳನ್ನು ಜೋಡಿಸಿಕೊಡುತ್ತಿದ್ದ ಗೆಳೆಯರು ಸಂಸಾರ ಸಮೇತ ಮೈಸೂರಿಗೆ ಹೊರಟರು, ಕಾಯಂ ಆಗಿ. ಶನಿವಾರ ನಮ್ಮ ಮನೆಯಲ್ಲಿ ಅವರಿಗೆ ಊಟ ಇತ್ತು. "ಹೋಗೋ ಮುಂಚೆ ಈ ಊರಿನ ಮಾಯ್ ಟಾಯ್ ಒಂದು ಕುಡೀಬೇಕು, ಬಾಟಲಿ ಪಾಕದ್ದು ಬೇಡ" ಎಂದಿದ್ದರು.

ರಮ್ ಬೆರೆಸಿದ ಆ ಪಾನೀಯ ನಿಜಕ್ಕೂ ಈ ಊರಿನದೇ. ವಿಕ್ಟರ್ ಬರ್ಜೆರಾನ್ ಹೇಳಿಕೊಂಡಂತೆ, 1944ರಲ್ಲಿ ಇಲ್ಲೇ ಓಕ್‌ಲ್ಯಾಂಡಿನ ತಮ್ಮ ಹೋಟೆಲು ಟ್ರೇಡರ್ ವಿಕ್ಸ್‌ನಲ್ಲಿ ತಾಹಿತಿಯಿಂದ ಬಂದಿದ್ದ ಸ್ನೇಹಿತರಿಗೆ ಅದನ್ನು ಮೊದಲು ಬೆರೆಸಿ ಕೊಟ್ಟಿದ್ದು. ಹಳೆಯ ಜಮೈಕಾ ರಮ್ 60 ಮಿ.ಲೀ., ಒಂದು ನಿಂಬೆಯ ರಸ, ಕ್ಯುರಸಾವ್ ಎಂಬ ಕಿತ್ತಳೆಯ ಮದ್ಯ 15, ಓರ್ಜಾ 7, ಕಲ್ಲುಸಕ್ಕರೆ ಪಾಕ 7. ಅನಾನಸ್ ರಸ, ಕೆಂಪು ಬಣ್ಣ ಎಲ್ಲ ಆಮೇಲೆ ಸೇರಿಕೊಂಡದ್ದು, ನನಗೆ ಅದು ಹಿಡಿಸುವುದಿಲ್ಲ. ಓರ್ಜಾ ಎಂದರೆ ಬಾದಾಮಿ ಪಾಕ. ಫ್ರೆಂಚಿನಲ್ಲಿ ಬಾರ್ಲಿಗೆ ಓರ್ಜ್ ಅನ್ನುತ್ತಾರೆ. ಮೊದಲು ಬಾರ್ಲಿಯಲ್ಲಿ ಮಾಡುತ್ತಿದ್ದುದು, ಬರುಬರುತ್ತಾ ಬಾದಾಮಿಯೇ ಉಳಿಯಿತು.

ಬಾದಾಮಿ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಹಾಲಿನ ತೂಕದಷ್ಟೇ ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿಟ್ಟಿದ್ದೆ. ಕುದಿಸಬಾರದು, ಒಡೆಯುತ್ತದೆ. ಇಳಿಸಿ, ಆರಿದ ಮೇಲೆ ನಾಲ್ಕು ಹನಿ ಕಿತ್ತಳೆ ಹೂವಿನ ನೀರು. ಎಂಟು ವರ್ಷದ ಮಗಳು ಸೌಟು ನೆಕ್ಕಿ ಕೇಳಿದಳು: "ಅಮ್ಮಾ, ಇದು ಬಾದಾಮಿ ಹಾಲು ಅಲ್ವಾ? ಇದಕ್ಕ್ಯಾಕೆ ಬೇರೆ ಹೆಸರು?"

ನಾನು ಸೌಟು ಹಿಡಿದು ನಿಂತೇ ಇದ್ದೆ.

ಚಿತ್ರದುರ್ಗದ ಅಜ್ಜಿ ಮನೆ, ಏಪ್ರಿಲ್ ಬಿಸಿಲು. ಬಾದಾಮಿ ಎಣಿಸಿ ತರುತ್ತಿದ್ದ ಕಾಲ. ಅಜ್ಜಿ ಹಿಂದಿನ ರಾತ್ರಿ ಹಿತ್ತಾಳೆ ಚೊಂಬಿನಲ್ಲಿ ನೆನೆಹಾಕಿ ತಟ್ಟೆ ಮುಚ್ಚುತ್ತಿದ್ದಳು. ಬೆಳಿಗ್ಗೆ ಸಿಪ್ಪೆ ಸುಲಿಯುವುದು ನಮ್ಮ ಕೆಲಸ. ಎರಡು ಬೆರಳಲ್ಲಿ ಒತ್ತಿದರೆ ಬಿಳಿ ಬೀಜ ಪುಳಕ್ಕನೆ ಹಾರಿ ನಡುಮನೆಯ ಕಂಬಕ್ಕೆ ಬಡಿಯುತ್ತಿತ್ತು. ಎಷ್ಟು ನೆನೆಹಾಕಿದ್ದೇನೆಂದು ಅಜ್ಜಿಗೆ ಲೆಕ್ಕ ಗೊತ್ತು, ಹಾಗಾಗಿ ಒಂದೂ ಬಾಯಿಗೆ ಹೋಗುವಂತಿಲ್ಲ. ಒರಳಲ್ಲಿ ನೀರು ಚಿಮುಕಿಸಿ ಚಿಮುಕಿಸಿ ರುಬ್ಬಿ, ತಾತನ ಹಳೇ ಪಂಚೆಯ ತುಂಡಿನಲ್ಲಿ ಹಿಂಡುತ್ತಿದ್ದಳು. ಮೊಣಕೈವರೆಗೆ ಹಾಲು ಇಳಿಯುತ್ತಿತ್ತು. ಕಲ್ಲುಸಕ್ಕರೆಯನ್ನು ಬಟ್ಟೆಯಲ್ಲಿ ಸುತ್ತಿ ಕುಟ್ಟಿ, ಕರಗಿಸಿ, ಹೆಬ್ಬೆರಳು ತೋರುಬೆರಳ ನಡುವೆ ಎಳೆ ನೋಡಿ ಇಳಿಸುತ್ತಿದ್ದಳು. ಬಟ್ಟೆಯಲ್ಲಿ ಉಳಿದ ಚರಟಕ್ಕೆ ಸಕ್ಕರೆ ಬೆರೆಸಿ ನಮ್ಮ ಅಂಗೈಗೆ ಒಂದೊಂದು ಉಂಡೆ. ಆಮೇಲೆ ಮಣ್ಣಿನ ಹೂಜಿಯ ನೀರು ಬೆರೆಸಿ, ಏಲಕ್ಕಿ ಉದುರಿಸಿ, ಬಿಸಿಲಲ್ಲಿ ಬಂದವರಿಗೆಲ್ಲ ಲೋಟ. ಕೊರಿಯರ್‌ನವನಿಗೂ, ಹೂವಿನಾಕೆಗೂ.

ಜಗತ್ತಿನ ಬಾದಾಮಿಯಲ್ಲಿ ನೂರಕ್ಕೆ ಸುಮಾರು 80 ಪಾಲು ಬೆಳೆಯುವ ಕ್ಯಾಲಿಫೋರ್ನಿಯಾದಲ್ಲಿ ಇಪ್ಪತ್ತು ವರ್ಷ ಇದ್ದೂ ನಾನು ಅದನ್ನು ಒಮ್ಮೆಯೂ ಕೈಯಾರೆ ಹಿಂಡಿರಲಿಲ್ಲ. ರಮ್ ಹಾಕುವ ಮೊದಲೇ ಗೆಳೆಯರ ಹೆಂಡತಿ ಒಂದು ಲೋಟ ಬರೀ ಪಾಕಕ್ಕೆ ತಣ್ಣೀರು ಬೆರೆಸಿಕೊಂಡು ಕುಡಿದರು. ಮಕ್ಕಳೂ ಅದನ್ನೇ ಕುಡಿದರು. ಮಾಯ್ ಟಾಯ್ ಚೆನ್ನಾಗಿಯೇ ಬಂತು, ಆದರೆ ಮೊದಲು ಖಾಲಿಯಾಗಿದ್ದು ಅದಲ್ಲ.

ಈಗ ಅವಸರದಲ್ಲಿ ಸೂಚನೆಗಳು. ರಾಮನವಮಿ ಮುಂದಿನ ಭಾನುವಾರ ಬೆಳಿಗ್ಗೆ 10ಕ್ಕೆ, ಎಂದಿನ ಸಭಾಂಗಣದಲ್ಲೇ. ಪಾನಕ 30 ಲೀಟರ್ ಬೇಕು. ಬೆಲ್ಲ 5 ಕಿಲೋ ಬಂದಿದೆ, ನಿಂಬೆಹಣ್ಣು ತರುವವರು ಇನ್ನೂ ಸಿಕ್ಕಿಲ್ಲ. ಈ ಸಲ ಅಂಗಡಿಯ ಬಾಟಲಿ ಪಾನಕ ತರುವುದು ಬೇಡ, ದಯವಿಟ್ಟು. ಶುಂಠಿ ಜಜ್ಜಲು, ಕೋಸಂಬರಿಗೆ ಸೌತೆಕಾಯಿ ಹೆಚ್ಚಲು ಮಕ್ಕಳನ್ನು 8ಕ್ಕೇ ಕರೆತನ್ನಿ. ಕನ್ನಡ ತರಗತಿಗೆ ಹೆಸರು ಕೊಡಲು ಇದೇ ತಿಂಗಳು ಕೊನೆ. ಸದಸ್ಯತ್ವದ ಹಣ ಬಾಕಿ ಇರುವವರು ಅಲ್ಲೇ ಕಟ್ಟಬಹುದು.

ಇನ್ನೊಂದು ಮಾತು. ಗೆಳೆಯರು ಹೋದ ಮೇಲೆ ಪುಟ ಜೋಡಿಸುವುದು, ಕಾಗುಣಿತ ತಿದ್ದುವುದು ಎರಡೂ ನನ್ನ ಮೇಲೇ ಬಿದ್ದಿದೆ, ಒಬ್ಬಳ ಕೈಯಲ್ಲಿ ಆಗುತ್ತಿಲ್ಲ. ತಿಂಗಳಿಗೆ ಎರಡು ಸಂಜೆ ಕೊಡಬಲ್ಲವರು ಯಾರಾದರೂ ಬನ್ನಿ. ಫ್ರಿಜ್ಜಿನಲ್ಲಿ ಇನ್ನೂ ಅರ್ಧ ಬಾಟಲಿ ಬಾದಾಮಿ ಪಾಕ ಇದೆ.