ಅದು 1908ರ ಹೂವರ್ ಅಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಹಳೇ ಗೃಹೋಪಯೋಗಿ ವಸ್ತುಗಳ ಬಗ್ಗೆ ಬಂದ ಲೇಖನ ಖುಷಿಯಿಂದ ಓದಿದೆ. ಆದರೆ ಅಪ್‌ರೈಟ್ (ಹಿಡಿಕೆ ಹಿಡಿದು ನಿಂತೇ ತಳ್ಳುವ) ವ್ಯಾಕ್ಯೂಮ್ ಕ್ಲೀನರ್‌ನ ಫೋಟೊ ಕೆಳಗೆ ‘1908ರ ಮೊದಲ ಹೂವರ್’ ಎಂದು ಹಾಕಿದ್ದೀರಿ. ಅದರ ಮೂತಿಯ ಮೇಲೆ ದೀಪ ಇದೆಯಲ್ಲ! ಹೂವರ್‌ಗೆ ದೀಪ ಬಂದಿದ್ದೇ 1930ರ ದಶಕದಲ್ಲಿ.

1908 ಅನ್ನೋ ಇಸವಿ ಸುಳ್ಳಲ್ಲ. ಅಮೆರಿಕದ ಒಹಾಯೊದಲ್ಲಿ ಕಸ ಗುಡಿಸುವ ಕೆಲಸ ಮಾಡುತ್ತಿದ್ದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್‌ಗೆ ತನ್ನ ವ್ಯಾಕ್ಯೂಮ್ ಕ್ಲೀನರ್‌ಗಾಗಿ ಪೇಟೆಂಟ್ ಸಿಕ್ಕಿದ್ದು ಆ ವರ್ಷ. ಹೂವರ್ ಮನೆತನದವರು ಅದನ್ನು ಕೊಂಡರು. ಅದು ಕಂಪನಿಯ ಕಥೆ. ನಿಮ್ಮ ಫೋಟೊದಲ್ಲಿರುವ ಯಂತ್ರದ ಕಥೆ ಬೇರೆ. ನನ್ನ ಕಣ್ಣಿಗೆ ಅದು 1936ರ ಮಾಡೆಲ್ 150 ಅಥವಾ ಅದರ ಹತ್ತಿರದ ನೆಂಟ. ಹೆನ್ರಿ ಡ್ರೇಫಸ್ ವಿನ್ಯಾಸ ಮಾಡಿದ್ದು ಅದು. ಮೋಟಾರನ್ನು ನುಣುಪಾದ ಬೇಕಲೈಟ್ (ಹಳೇ ಕಾಲದ ಗಟ್ಟಿ ಪ್ಲಾಸ್ಟಿಕ್) ಮುಚ್ಚಳದೊಳಗೆ ಅಡಗಿಸಿಬಿಟ್ಟರು. ಹಾಗಂತ ಫೋಟೊ ನೋಡಿ ಆಣೆ ಮಾಡಲಾರೆ. ಯಾಕೆಂದರೆ ನಾನೇ ಮೋಸ ಹೋಗಿದ್ದೇನೆ.

ಹದಿನೈದು ವರ್ಷದಿಂದ ಇಂಥ ಯಂತ್ರಗಳನ್ನು ಬಿಚ್ಚಿ ಜೋಡಿಸುತ್ತಿದ್ದೇನೆ. ಮೊದಲು ಕೈಗೆ ಸಿಕ್ಕ ಹೂವರ್ ಜೂನಿಯರ್‌ನ ಮಾಡೆಲ್ ನಂಬರ್ ಇರುವ ತಗಡಿನ ಲೇಬಲ್ ಜಿಡ್ಡು ಹಿಡಿದಿತ್ತು. ಚೆನ್ನಾಗಿ ಕಾಣಲಿ ಅಂತ ಥಿನ್ನರ್ ಹಾಕಿ ಉಜ್ಜಿದೆ. ಜಿಡ್ಡಿನ ಜೊತೆ ಅಂಕಿಗಳೂ ಹೋದವು! ಬಟ್ಟೆ ತುದಿಯಲ್ಲಿ ಕಪ್ಪು ಮಸಿ, ಲೇಬಲ್ ಮೇಲೆ ಬರೀ ತಗಡು. ಆಮೇಲಿಂದ ಸೋಪಿನ ನೀರು ಬಿಟ್ಟು ಬೇರೇನೂ ಮುಟ್ಟಿಸಿಲ್ಲ. ಅಚ್ಚೊತ್ತಿದ ಅಂಕಿಯಾದರೆ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜುತ್ತೇನೆ. ಮಕ್ಕಳು ನಾಣ್ಯದ ಚಿತ್ರ ತೆಗೆಯುತ್ತಾರಲ್ಲ, ಹಾಗೆ.

ಮಾಡೆಲ್ ನಂಬರ್ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಅಲ್ಲೇ ವೋಲ್ಟೇಜ್ ಕೂಡ ಇರುತ್ತದೆ. 110–120 ಇದ್ದರೆ ಸಾಮಾನ್ಯವಾಗಿ ಅಮೆರಿಕದ್ದು, 220–240 ಇದ್ದರೆ ಬ್ರಿಟನ್ ಕಡೆಯದು. ಇದನ್ನು ನೋಡದೆ ಪ್ಲಗ್ ಹಾಕಿ ಮೋಟಾರು ಸುಟ್ಟುಕೊಂಡವರು ಇದ್ದಾರೆ. ಪೇಟೆಂಟ್ ನಂಬರ್‌ಗಳ ಸಾಲು ಕಂಡರೆ ಮೊದಲನೆಯದನ್ನು ಹಿಡಿದು ಇಸವಿ ಹೇಳಬೇಡಿ. ಎಲ್ಲಕ್ಕಿಂತ ಇತ್ತೀಚಿನದನ್ನು ನೋಡಿ. ಯಂತ್ರ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ, ಹೊಸದಾಗಿರಬಹುದು ಅಷ್ಟೇ.

ದೂಳು ತುಂಬಿಕೊಳ್ಳುವ ಚೀಲ ನೋಡಿ ತೀರ್ಮಾನ ಮಾಡುವವರೇ ಜಾಸ್ತಿ. ಚೀಲ ಹರಿಯುತ್ತದೆ, ಬದಲಾಗುತ್ತದೆ. ಅದರ ಮೇಲಿನ ಹೆಸರು ಯಾವ ಕಾಲದ್ದೋ ಏನೋ. ವೈರು, ಹಿಡಿಕೆ, ಮುಚ್ಚಳದ ಗತಿಯೂ ಅದೇ. ಹೋಗಲಿ, ಕಂಪನಿಯವರೇ ಹಳೇ ಯಂತ್ರಗಳನ್ನು ವಾಪಸ್ ತಗೊಂಡು, ರಿಪೇರಿ ಮಾಡಿ ‘ಹೂವರ್ ಸ್ಪೆಷಲ್’ ಅಂತ ಮಾರಿದ್ದಾರೆ. ಆಕಾರವನ್ನೂ ನಂಬುವಂತಿಲ್ಲ. 1957ರಲ್ಲಿ ಬಂದ ಹೂವರ್ ಕನ್ವರ್ಟಿಬಲ್‌ನ ರೂಪ ದಶಕಗಟ್ಟಲೆ ಹೆಚ್ಚುಕಡಿಮೆ ಹಾಗೇ ಉಳಿಯಿತು. ಇನ್ನೊಂದು ಕಂಪನಿ ಕಿರ್ಬಿಯವರ 1976ರ ಕ್ಲಾಸಿಕ್ 3, 1979ರ ಟ್ರಡಿಶನ್ ಎರಡನ್ನೂ ಅಕ್ಕಪಕ್ಕ ಇಟ್ಟರೆ ಅಕ್ಕತಂಗಿಯರ ಹಾಗೆ. ಎರಡರ ಮೈಯೂ ಹೊಳೆಯುವ ಅಲ್ಯೂಮಿನಿಯಂ.

ನನಗೆ ಹೊಟ್ಟೆಭಾಗದ ಮೇಲೇ ನಂಬಿಕೆ. ಮಗುಚಿ ಹಾಕಿ ನೋಡಿ. ಉರುಳೆಯಲ್ಲಿ ಬರೀ ಬ್ರಷ್ ಇದೆಯೋ, ಬ್ರಷ್ ಜೊತೆ ಕಾರ್ಪೆಟ್ ಬಡಿಯುವ ಲೋಹದ ಪಟ್ಟಿಗಳೂ ಇವೆಯೋ? ಬಡಿಯುವ ಪಟ್ಟಿಗಳು ಹೂವರ್‌ನಲ್ಲಿ ಬಂದಿದ್ದು 1926ರ ಮಾಡೆಲ್ 700ರಿಂದ. ಉರುಳೆಯನ್ನೂ ಬದಲಿಸಬಹುದು, ನಿಜ. ಅದಕ್ಕೇ ಒಂದೇ ಗುರುತಿಗೆ ಜೋತುಬೀಳದೆ ಲೇಬಲ್, ಉರುಳೆ, ಮುಚ್ಚಳ ಮೂರೂ ಒಂದೇ ಮಾತು ಹೇಳುತ್ತಿವೆಯಾ ಅಂತ ನೋಡಬೇಕು.

ಆ ಯಂತ್ರ ಇನ್ನೂ ನಿಮ್ಮ ಫೋಟೊಗ್ರಾಫರ್ ಕೈಗೆ ಸಿಗುವಂತಿದ್ದರೆ ದಯವಿಟ್ಟು ಮಗುಚಿ ಒಂದು ಫೋಟೊ ತೆಗೆಸಿ. ಲೇಬಲ್ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿಯಲು ಹೇಳಿ, ಅಂಕಿ ಎದ್ದು ಕಾಣುತ್ತದೆ. ಥಿನ್ನರ್ ಮಾತ್ರ ಬೇಡ.

ಇಂತಿ,
ನಿಮ್ಮ ಓದುಗ