ಅವತ್ತು ಜ್ವರ ಇರಲಿಲ್ಲ ಕಣೋ

ಗೆಳೆಯಾ,

ನಿನ್ನ ಮದುವೆಗೆ ನಾನು ಬರಲಿಲ್ಲ ಅಂತ ನಿನಗೆ ಇನ್ನೂ ಮುನಿಸು. ಜ್ವರ ಅಂದಿದ್ದೆ. ಜ್ವರ ಇರಲಿಲ್ಲ. ಹೊಸ ಬಟ್ಟೆ ಹಾಕಿ, ಶೂ ಲೇಸ್ ಕಟ್ಟಿ, ಚಿಲಕದ ಮೇಲೆ ಕೈ ಇಟ್ಟು ಮುಕ್ಕಾಲು ಗಂಟೆ ನಿಂತಿದ್ದೆ. ಆಮೇಲೆ ಲೇಸ್ ಬಿಚ್ಚಿದೆ.

ಈಗ ಯಾಕೆ ಹೇಳುತ್ತಿದ್ದೇನೆ ಅಂದರೆ, ಮೊನ್ನೆ ಫೋನಿನಲ್ಲಿ ನೀನು ಆಡಿದ ಮಾತು ತಲೆಯಿಂದ ಹೋಗುತ್ತಿಲ್ಲ. 'ಹೊರಗೆ ಯಾಕೆ ಹೋಗಬೇಕು, ಎಲ್ಲ ಮನೆಗೇ ಬರುತ್ತಲ್ಲ' ಅಂದೆ. ಎರಡು ವರ್ಷ ನಾನೂ ಅದನ್ನೇ ಹೇಳಿಕೊಂಡು ತಿರುಗಿದೆ. ತಿರುಗಿದೆ ಎಲ್ಲಿ, ಮನೆಯೊಳಗೇ ಕೂತಿದ್ದೆ!

ನನಗಿದ್ದದ್ದು ಅಗೋರಾಫೋಬಿಯಾ. ಅಗೋರಾ ಅಂದರೆ ಗ್ರೀಕರು ಸಂತೆ, ಸಭೆ ಸೇರುತ್ತಿದ್ದ ಬಯಲು, ಫೋಬಿಯಾ ಅಂದರೆ ಹೆದರಿಕೆ. 1871ರಲ್ಲಿ ವೆಸ್ಟ್‌ಫಾಲ್ ಎಂಬ ಜರ್ಮನ್ ವೈದ್ಯ ಈ ಹೆಸರಿಟ್ಟ. ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ. ಹೆದರಿಕೆ ಬಯಲಿನದ್ದಲ್ಲ. 'ಇಲ್ಲೇ ಏನಾದರೂ ಆದರೆ ಹೊರಗೆ ಹೋಗೋಕಾಗುತ್ತಾ, ಯಾರಾದರೂ ಬರ್ತಾರಾ' ಅನ್ನೋದರದ್ದು. ಅದಕ್ಕೇ ಬಸ್ಸು, ಕ್ಯೂ, ಸಿನಿಮಾ ಹಾಲು, ಸೇತುವೆ ಎಲ್ಲ ಒಂದೇ ಪಟ್ಟಿಗೆ ಸೇರುತ್ತವೆ.

ಶುರುವಾಗಿದ್ದು ರೈಲಿನಲ್ಲಿ. ಎದೆ ಡವಡವ, ಅಂಗೈ ಒದ್ದೆ, ಉಸಿರು ಕಟ್ಟಿತು. ಸತ್ತೆ ಅಂದುಕೊಂಡೆ. ಹದಿನೈದು ನಿಮಿಷದಲ್ಲಿ ತಾನಾಗಿಯೇ ಇಳಿಯಿತು, ಇಸಿಜಿ ಸರಿಯಾಗಿಯೇ ಇತ್ತು. ಆದರೂ ರೈಲು ಬಿಟ್ಟೆ. ಆಮೇಲೆ ಬಸ್ಸು, ಆಮೇಲೆ ಅಂಗಡಿ. ಒಂದೊಂದು ಬಿಟ್ಟಾಗಲೂ ಎಂಥ ನಿರಾಳ ಗೊತ್ತಾ? ಆ ನಿರಾಳವೇ ಮೋಸ. ತಪ್ಪಿಸಿಕೊಂಡಷ್ಟೂ ಹೆದರಿಕೆ ಬಲಿಯುತ್ತದೆ.

ಹೊರಗಿನವರಿಗೆ ಇದು ಕಾಣುವುದೇ ಇಲ್ಲ. ಎಲ್ಲಿ ಹೋದರೂ ತುದಿಯ ಸೀಟು. ಕಣ್ಣು ಮೊದಲು ಹುಡುಕುವುದು ಬಾಗಿಲನ್ನು. ಜೇಬಿನಲ್ಲಿ ಸದಾ ಒಂದು ಮಾತ್ರೆ. ಅದನ್ನು ಒಮ್ಮೆಯೂ ನುಂಗಲಿಲ್ಲ, ಹಾಳೆಯೊಳಗೇ ಪುಡಿಯಾಗಿತ್ತು. ತಂಗಿ ಜೊತೆಗಿದ್ದರೆ ಎಲ್ಲಿಗೆ ಬೇಕಾದರೂ ಹೋಗುತ್ತಿದ್ದೆ, ಒಬ್ಬನೇ ಆದರೆ ಬೀದಿ ಕೊನೆಗೂ ಇಲ್ಲ. ಜಾಗ ಅದೇ, ದಾರಿ ಅದೇ, ಅವಳಿಲ್ಲ ಅಷ್ಟೇ. ಇದು ಬರೀ ಸೋಮಾರಿತನ ಅಲ್ಲ ಅಂತ ಹೊಳೆದದ್ದು ಆಗಲೇ.

ನಿನ್ನದೂ ಇದೇ ಅಂತ ನಾನು ಹೇಳಲಾರೆ. ಮನೆಯಲ್ಲಿರೋದೇ ಇಷ್ಟ ಅನ್ನುವವರು ಬೇಕಾದಷ್ಟು ಜನ. ಅವರಿಗೆ ಹೋಗಬೇಕು ಅನ್ನಿಸಿದರೆ ಹೋಗುತ್ತಾರೆ, ಅಲ್ವಾ? ಇಂಥ ಹೆದರಿಕೆ ಆರು ತಿಂಗಳಿಗಿಂತ ಜಾಸ್ತಿ ಉಳಿದಿದೆಯಾ, ಎರಡು ಮೂರು ಬಗೆಯ ಜಾಗಗಳಲ್ಲಿ ಕಾಡುತ್ತಾ ಅಂತ ವೈದ್ಯರು ಕೇಳುತ್ತಾರೆ. ಥೈರಾಯ್ಡ್, ಹೃದಯ ಎಲ್ಲ ನೋಡಿಸುತ್ತಾರೆ.

ಚಿಕಿತ್ಸೆಯಲ್ಲಿ ಮಾಯ ಮಂತ್ರ ಇಲ್ಲ. ಕೆಲವರಿಗೆ ಮಾತ್ರೆಯೂ ಬೇಕಾಗುತ್ತದೆ. ನನಗೆ ಮೊದಲ ವಾರ ಗೇಟಿನವರೆಗೆ ಹೋಗಿ ನಿಲ್ಲುವುದೇ ಕೆಲಸ. ಎದೆ ಬಡಿದರೂ ಒಳಗೆ ಓಡಬಾರದು, ಅದು ತಾನಾಗಿ ಇಳಿಯುವವರೆಗೆ ನಿಲ್ಲಬೇಕು. ಪಕ್ಕದ ಮನೆಯವರು ಯಾರಿಗೋ ಕಾಯುತ್ತಿದ್ದಾನೆ ಅಂದುಕೊಂಡಿರಬೇಕು.

ಭಾನುವಾರ ಬರುತ್ತೇನೆ, ಬಸ್ಸಿನಲ್ಲೇ. ಕಿಟಕಿ ಪಕ್ಕದ ಸೀಟಿಗೆ ಪ್ರಯತ್ನ ಮಾಡುತ್ತೇನೆ, ಧೈರ್ಯ ಸಾಲದಿದ್ದರೆ ತುದಿಯದೇ. ಅಷ್ಟರಲ್ಲಿ ಒಂದು ನೆನಪು ಮಾಡಿಕೊಂಡಿರು. ನೀನು ಒಬ್ಬನೇ ಮನೆಯಿಂದ ದೂರ ಹೋಗಿದ್ದು ಕೊನೆಯ ಸಲ ಯಾವಾಗ?

ನಿನ್ನವನೇ